ಅಪ್ಪನ ದಾಡಿಯ ನೊರೆಗೆ ಹತ್ತರಲ್ಲಿ ಎಷ್ಟು

ನನ್ನ ಹಳೆಯ ವಹಿಗಳಲ್ಲಿ ಒಂದಕ್ಕೆ ಇಂದಿಗೂ ಸಾಬೂನಿನ ವಾಸನೆ ಇದೆ. ನೀಲಿ ರಟ್ಟಿನ, ನೂರು ಪುಟದ ವಹಿ. ಒಳಗೆ ಗೆರೆ ಎಳೆದು ಮಾಡಿದ ಐದು ಅಂಕಣಗಳು: ದಿನ, ಬ್ರಷ್ ನೆನೆಸಿದ ನಿಮಿಷ, ಸಾಬೂನಿನ ಮೇಲೆ ತಿರುಗಿಸಿದ ಸುತ್ತು, ನೀರಿನ ಚಮಚ, ಅಂಕ. ಮೊದಲ ನಾಲ್ಕು ನನ್ನ ಅಕ್ಷರ. ಕೊನೆಯದು ಕೆಂಪು ಶಾಯಿಯಲ್ಲಿ ಸೊಟ್ಟಗಿದೆ. ಅಪ್ಪ ಎಡಗೈಯಿಂದ ಬರೆದದ್ದು.

ಏನನ್ನಾದರೂ ಎಣಿಸಿ ಬರೆದಿಡುವ ಚಾಳಿ ನನಗೆ ಸಾಲೆಯ ದಿನಗಳಿಂದಲೂ ಇದೆ. ಸಿಟಿ ಬಸ್ಸು ಎಷ್ಟು ನಿಮಿಷ ತಡ, ತಿಂಗಳಿಗೆ ಎಷ್ಟು ದಿನ ಅವಲಕ್ಕಿ, ಎಲ್ಲವೂ ವಹಿಯಲ್ಲಿ ಇರಬೇಕು. ಆ ವರ್ಷದ ಚಳಿಗಾಲ ನಾನು ಎಂ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ ಧಾರವಾಡದ ಮನೆಯಲ್ಲಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನಿವೃತ್ತಿಗೆ ಒಂದು ತಿಂಗಳೂ ಉಳಿದಿರಲಿಲ್ಲ, ಅಷ್ಟರಲ್ಲಿ ಲಕಮನಹಳ್ಳಿಯ ತಿರುವಿನಲ್ಲಿ ಉಸುಕಿನ ಮೇಲೆ ಸ್ಕೂಟರ್ ಜಾರಿತು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರು. ಸಾಲೆಯಲ್ಲಿ ಬೀಳ್ಕೊಡುಗೆ ಇದ್ದದ್ದು ಪ್ಲಾಸ್ಟರಿನ ಇಪ್ಪತ್ತೇಳನೆಯ ದಿನ.

ಕೈಗಿಂತ ಹೆಚ್ಚು ಅಪ್ಪನನ್ನು ಕಾಡಿದ್ದು ದಾಡಿ. ಅವರ ಗದ್ದದ ಎಡಕ್ಕೆ, ಅಂಚಿನಲ್ಲಿ, ಹುಣಸೆಬೀಜದಷ್ಟು ಉಬ್ಬಿದ ಗಾಯದ ಗುರುತು ಇದೆ. ಚಿಕ್ಕವರಿದ್ದಾಗ ಅಮ್ಮಿನಬಾವಿಯಲ್ಲಿ ಚಕ್ಕಡಿಯಿಂದ ಬಿದ್ದದ್ದು. ನೊರೆ ತೆಳುವಾದರೆ ಬ್ಲೇಡು ಸೀದಾ ಅದನ್ನೇ ಹಿಡಿಯುತ್ತದೆ. ಎರಡನೆಯ ದಿನ ಓಣಿಯ ಸಲೂನಿಗೆ ಹೋಗಿ ಬಂದರು. ಅಲ್ಲಿ ಡಬ್ಬಿಯ ನೊರೆ ಹಚ್ಚಿದ್ದರಂತೆ. ಗದ್ದಕ್ಕೆ ಹತ್ತಿ ಒತ್ತಿಕೊಂಡು ಒಳಗೆ ಬಂದವರು ಮತ್ತೆ ಆ ಕಡೆ ಹೋಗಲಿಲ್ಲ.

ನಾಲ್ಕನೆಯ ದಿನ ಕನ್ನಡಿಯ ಮುಂದೆ ನಿಂತು ಘೋಷಿಸಿದರು: "ಈ ಮಾರಿ ತೊಗೊಂಡು ನಾ ಸಾಲ್ಯಾಗ ನಿಂದ್ರಂಗಿಲ್ಲ."

"ಬೀಳ್ಕೊಡುಗಿ ನೀವು ಕಲಿಸಿದ್ದಕ್ಕ, ಮಾರಿಗಲ್ಲ," ಅಂದಳು ಅವ್ವ.

"ಮೂವತ್ನಾಕು ವರ್ಷ ಹುಡುಗರಿಗೆ ಹೇಳೀನಿ, ಉಗುರು ತಕ್ಕೊಂಡು ಬರ್ರಿ, ತಲಿ ಬಾಚ್ಕೊಂಡು ಬರ್ರಿ ಅಂತ. ಕಡೀ ದಿನಾ ನಾನ ಹಿಂಗ ಹೋಗಲೇನು? ಬ್ಯಾಡ. ಹಾರ ಮನೀಗೆ ಕಳಸ್ರಿ ಅಂತ ಹೇಳ್ತೀನಿ."

ಅವರು ಚಾಷ್ಟಿ-ತಮಾಷೆ ಮಾಡುತ್ತಿಲ್ಲ ಎನ್ನುವುದು ನನಗೆ ಗೊತ್ತಾಯಿತು. ಎಡಗೈಯಿಂದ ಬ್ಲೇಡು ಎಳೆಯುವುದನ್ನು ಅವರು ಹೇಗೋ ಕಲಿಯಬಲ್ಲರು. ಆದರೆ ನೊರೆ ಕಲಸುವುದಕ್ಕೆ ಎರಡು ಕೈ ಬೇಕು, ಒಂದು ಬಟ್ಟಲಿಗೆ, ಒಂದು ಬ್ರಷ್ಷಿಗೆ. "ನಾ ಕಲಸಿ ಕೊಡ್ತೀನಿ," ಅಂದೆ. ಆ ದಿನವೇ ನೀಲಿ ವಹಿ ತೆರೆದೆ.

ಅಪ್ಪ ಕಲಿಸಿದರು, ಪಾಠ ಹೇಳಿದ ಹಾಗೆಯೇ. ಬ್ರಷ್ಷನ್ನು ಬಿಸಿನೀರಿನಲ್ಲಿ ಮೂರು ನಿಮಿಷ ನೆನೆಸಬೇಕು. ಎತ್ತಿ ಮೂರು ಸಲ ಝಾಡಿಸಬೇಕು, ನಾಲ್ಕನೆಯ ಸಲ ಬೇಡ. ಸಾಬೂನಿನ ಮೇಲೆ ತಿರುಗಿಸುವಾಗ ಕೂದಲಿನ ತುದಿ ಮಾತ್ರ ತಾಗಬೇಕು, ಒತ್ತಬಾರದು. ಆಮೇಲೆ ಬಟ್ಟಲಿನಲ್ಲಿ ಸುತ್ತು, ಚಮಚದಿಂದ ಹನಿ ಹನಿಯಾಗಿ ನೀರು, ಮತ್ತೆ ಸುತ್ತು. ಮೊದಲು ದೊಡ್ಡ ಗುಳ್ಳೆ ಬರುತ್ತವೆ. ಅವನ್ನು ನಂಬಬಾರದು. ಗುಳ್ಳೆ ಒಡೆದು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣಗಾದಾಗ ಬಟ್ಟಲಿನ ಸದ್ದು ಬದಲಾಗುತ್ತದೆ, ಪಚಪಚ ಹೋಗಿ ಬರೀ ಸುರ್ ಎನ್ನುತ್ತದೆ. ಬ್ರಷ್ ಎತ್ತಿದರೆ ನೊರೆ ಶ್ರೀಖಂಡದ ಹಾಗೆ ತುದಿ ಬಾಗಿಸಿ ನಿಲ್ಲಬೇಕು.

ನನ್ನ ಮೊದಲ ನೊರೆ ನಿಲ್ಲಲಿಲ್ಲ. ಅಪ್ಪ ಬೆರಳಿನಿಂದ ಮುಟ್ಟಿ ನೋಡಿದರು. "ಇದು ಬುರುಗು ಅಲ್ಲ ಮಗಳ. ಸಾಬೂನಿನ ಸಾರು." ಕೆಂಪು ಪೆನ್ನು ತರಿಸಿಕೊಂಡು ಎರಡು ಅಂಕ ಹಾಕಿದರು.

ಐದನೆಯ ದಿನ ಮೂರು. ಆರನೆಯ ದಿನ ಎರಡು. ನಾನು ಕ್ರಮವಾಗಿ ಒಂದೊಂದನ್ನೇ ಬದಲಿಸಿದೆ. ನೆನೆಸುವುದು ಐದು ನಿಮಿಷ ಮಾಡಿದೆ. ಸುತ್ತು ನಲವತ್ತರಿಂದ ಅರವತ್ತಕ್ಕೆ ಏರಿಸಿದೆ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ತಿರುಗಿಸಿದೆ. ನೊರೆ ಎದ್ದಂತೆ ಮಾಡಿ, ಗಲ್ಲಕ್ಕೆ ಹಚ್ಚುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಬಟ್ಟಲಿನ ಅಂಚಿಗೆ ಬೂದಿಬಣ್ಣದ ಕೆನೆ ಕಟ್ಟುತ್ತಿತ್ತು. ಅಪ್ಪ ಮುಖ ತೊಳೆದುಕೊಂಡು, ಬಿಳಿ ಕೂದಲು ಚುಚ್ಚುವ ಗಲ್ಲವನ್ನು ಉಜ್ಜುತ್ತ ಹೊರಗೆ ಬಿಸಿಲಿಗೆ ಹೋಗಿ ಕೂಡುತ್ತಿದ್ದರು.

ಒಂಬತ್ತನೆಯ ದಿನ ಏನಾಯಿತೋ, ನೊರೆ ನಿಂತಿತು. ಏಳು ಅಂಕ! ಅಪ್ಪ ಎಡಗೈಯಿಂದ ಎರಡೂ ಗಲ್ಲ ಮಾಡಿಕೊಂಡರು, ಗುರುತಿನ ಸುತ್ತ ಮಾತ್ರ ಹಾಗೇ ಬಿಟ್ಟರು. ವಿದ್ಯೆ ಕೈಗೆ ಬಂತು ಎಂದುಕೊಂಡೆ. ಹತ್ತನೆಯ ದಿನ, ಅವೇ ನಿಮಿಷ, ಅವೇ ಸುತ್ತು, ಅವೇ ಚಮಚ ಇಟ್ಟುಕೊಂಡು ಕಲಸಿದೆ. ಮೂರು ಅಂಕ. ಹದಿನೇಳನೆಯ ದಿನ ಮತ್ತೆ ಏಳು. ಹದಿನೆಂಟಕ್ಕೆ ಎರಡು. ಎಂ.ಎಸ್ಸಿ.ಯಲ್ಲಿ ಕೂಡ ನನಗೆ ಯಾವ ಪ್ರಯೋಗವೂ ಇಷ್ಟು ಅವಮಾನ ಮಾಡಿರಲಿಲ್ಲ.

ಇಪ್ಪತ್ತಾರನೆಯ ದಿನದ ಸಂಜೆ, ಚಹಾದ ಹೊತ್ತಿಗೆ, ಅಡುಗೆಮನೆಯಲ್ಲಿ ಕೂತು ವಹಿಯ ಪುಟ ತಿರುವುತ್ತಿದ್ದೆ. ಎದುರಿಗೆ ಗೋಡೆಯ ಕ್ಯಾಲೆಂಡರ್. ಅದರ ಮೇಲೆ ಅವ್ವ ಪೆನ್ಸಿಲಿನಿಂದ ನಲ್ಲಿ ನೀರು ಬಂದ ದಿನಗಳಿಗೆ ಸುತ್ತು ಹಾಕುತ್ತಾಳೆ. ಆಗ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಆ ನೀರು ಕೊಡಗಳಿಗೆ, ಕುಡಿಯಲಿಕ್ಕೆ, ಬೇಳೆ ಬೇಯಿಸಲಿಕ್ಕೆ. ಮಿಕ್ಕದ್ದಕ್ಕೆಲ್ಲ ಬೋರಿನ ನೀರು, ಬಕೀಟಿಗೆ ಬಿಳಿ ಪದರು ಕಟ್ಟುವಂಥದ್ದು. ನಲ್ಲಿ ಬಂದ ಒಂದು ದಿನ ಮಾತ್ರ ಬಚ್ಚಲಿನ ಬಕೀಟೂ ಸಿಹಿನೀರು ಕಾಣುತ್ತಿತ್ತು. ಅವ್ವನ ಪೆನ್ಸಿಲಿನ ಎರಡು ಸುತ್ತು, ನನ್ನ ವಹಿಯ ಎರಡು ಏಳು, ಅವೇ ಎರಡು ದಿನಗಳ ಮೇಲೆ ಬಿದ್ದಿದ್ದವು.

"ಅಪ್ಪಾ! ನನ್ನ ಕೈದು ತಪ್ಪಿಲ್ಲರಿ. ನೀರಿಂದು! ಬೋರಿನ ನೀರಾಗ ಸಾಬೂನು ಒಡೀತೈತಿ. ನಲ್ಲಿ ನೀರಾದ್ರ ಏಳು!"

ಅಪ್ಪ ಬಶಿಯೊಳಗಿನ ಚಹಾ ನೋಡುತ್ತ ಕೂತರು. ಆಶ್ಚರ್ಯಪಡಲಿಲ್ಲ. ಅದನ್ನು ನನಗಿಂತ ಮೊದಲು ಅವ್ವ ಗಮನಿಸಿದಳು.

"ಹಂಗಾರ," ಅಂದಳು ನಿಧಾನವಾಗಿ, "ನೀವು ಇಷ್ಟು ವರ್ಷ ಯಾವ ನೀರಿಲೆ ದಾಡಿ ಮಾಡ್ಕೋತಿದ್ರಿ?"

ಅಡುಗೆಮನೆಯ ಬಾಗಿಲಿನ ಮೇಲೆ ಒಂದು ಹಾಳೆ ಇದೆ. ಆಗ್ಗೆ ಇಪ್ಪತ್ತು ವರ್ಷದ ಹಿಂದೆ, ಈ ಮನೆಗೆ ಬಂದಾಗ, ಅಪ್ಪನೇ ದುಂಡಗೆ ಬರೆದು ಅಂಟಿಸಿದ್ದು: "ನಲ್ಲಿ ನೀರು ಕುಡಿಯಲು ಮತ್ತು ಅಡುಗೆಗೆ ಮಾತ್ರ." ಏಳನೆಯ ಇಯತ್ತೆಯಲ್ಲಿ ನಾನು ಆ ನೀರಿನಿಂದ ಕದ್ದು ತಲೆ ತೊಳೆದುಕೊಂಡಿದ್ದೆ. ಅಪ್ಪ ಬೈಯಲಿಲ್ಲ, ಲೆಕ್ಕ ಕೊಟ್ಟರು: ಒಂದು ಬಕೀಟಿಗೆ ಎಷ್ಟು ವಾಟಗಾ, ಅಂದರೆ ಎಷ್ಟು ಲೋಟ, ಮೂರು ಜನರಿಗೆ ದಿನಕ್ಕೆ ಎಷ್ಟು ವಾಟಗಾ ಬೇಕು, ಹಾಗಾದರೆ ನಾನು ಎಷ್ಟು ದಿನದ ಕುಡಿಯುವ ನೀರು ಚೆಲ್ಲಿದೆ? ಎರಡು ಸಲ ಮಾಡಿಸಿದ್ದರು. ಎರಡನೆಯ ಸಲ ನಾನು ಅತ್ತಿದ್ದೆ.

"ಅರ್ಧಾ ವಾಟಗಾ," ಅಂದರು ಅಪ್ಪ. "ದಿನಾ. ನೀ ಏಳೂದರೊಳಗ."

"ಅಯ್ಯ, ಕೊಡಾ ಸೋರತೈತಿ ಅಂತ ನಾ ಎರಡು ಸಲ ಬೆಸಗಿ ಹಾಕಿಸೀನಲ್ರಿ!"

ನಾನು ಆಗಲೇ ವಹಿಯಲ್ಲಿ ಗುಣಿಸುತ್ತಿದ್ದೆ. "ಇಪ್ಪತ್ತು ವರ್ಷಕ್ಕ ಮೂರು ಸಾವಿರದ ಆರುನೂರಾ ಐವತ್ತು ವಾಟಗಾ, ಅಪ್ಪಾ."

"ಅಧಿಕ ವರ್ಷದ ಐದು ದಿನಾ ಬಿಟ್ಟೀದಿ," ಅಂದರು. ಬಾಯಿಂದ ಹೊರಬಿದ್ದ ಮೇಲೆ ಅದು ತಮ್ಮ ವಿರುದ್ಧದ ಲೆಕ್ಕ ಎಂದು ನೆನಪಾಗಿರಬೇಕು. ಮುಖ ಬಾಡಿತು.

ಆದರೆ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಎಲ್ಲ ಗೊತ್ತಿದ್ದೂ ನನ್ನ ಕೈಗೆ ಎರಡು, ಮೂರು ಅಂಕ ಕೊಟ್ಟಿದ್ದರು. "ಮೊದಲ ಹೇಳಬಾರದಿತ್ತೇನ್ರಿ?"

"ಹೆಂಗ ಹೇಳ್ಲಿ? ಆ ಹಾಳಿ ನಾನ ಬರದು ಹಚ್ಚೀನಿ." ಬಶಿ ಕೆಳಗಿಟ್ಟು ಅಂದರು, "ನಿನ್ನಿ ನೀರು ಬರೂದಿತ್ತು. ಬಂದ್ರ ನಾಳೆತನಕ ಬಕೀಟಿನ್ಯಾಗ ಉಳಸಬಹುದು, ಹೇಳೂ ಪ್ರಸಂಗನ ಬರೂದಿಲ್ಲ ಅಂತ ಮಾಡಿದ್ದೆ."

ಆದರೆ ನೀರು ಬಂದಿರಲಿಲ್ಲ. ಎಲ್ಲೋ ಪೈಪು ಒಡೆದಿತ್ತು. ಅಡುಗೆಮನೆಯಲ್ಲಿ ಉಳಿದಿದ್ದು ಒಂದೇ ಕೊಡ, ಅದೂ ಅರ್ಧ. "ಮೂಲಿ ಅಂಗಡ್ಯಾಗಿಂದ ಒಂದು ಬಾಟ್ಲಿ ತರ್ತೀನಿ," ಎಂದು ನಾನು ಚಪ್ಪಲಿ ಹಾಕಿಕೊಳ್ಳಲು ಎದ್ದೆ.

"ಬಾಟ್ಲಿ ಯಾಕ?" ಅಂದಳು ಅವ್ವ. "ಇಪ್ಪತ್ತು ವರ್ಷ ನನ್ನ ಕೊಡದಾಗಿಂದು ನಡದೈತಿ." ಅಷ್ಟು ಹೇಳಿ ಕೊಡದ ಮೇಲೆ ತಾಟು ಮುಚ್ಚಿದಳು. ಅದು ಹೂಂ ಎಂದೋ ಊಹೂಂ ಎಂದೋ ಇಬ್ಬರಿಗೂ ತಿಳಿಯಲಿಲ್ಲ. ಕೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಳಿ ಬಹಳ ಇತ್ತು. ಬಚ್ಚಲಿನ ಕಟ್ಟೆಯ ಮೇಲೆ ಬಟ್ಟಲು, ಬ್ರಷ್, ಸಾಬೂನು ಜೋಡಿಸಿಟ್ಟುಕೊಂಡು ನಿಂತಿದ್ದೆ. ಅಪ್ಪ ಸ್ಟೂಲಿನ ಮೇಲೆ, ಹೆಗಲಿಗೆ ಪಂಚೆ. ನೀರು ಮಾತ್ರ ಇರಲಿಲ್ಲ. ಅವ್ವ ಬಂದಳು. ಕೈಯಲ್ಲಿ ವಾಟಗಾ, ಸರಿಯಾಗಿ ಅರ್ಧ, ಬಿಸಿ ಮಾಡಿದ್ದು.

"ತೊಗೋ. ಚೆಲ್ಲಬ್ಯಾಡ."

ನೆನೆಸಿದ್ದು ಮೂರು ನಿಮಿಷ. ಝಾಡಿಸಿದ್ದು ಮೂರು ಸಲ. ಸಾಬೂನಿನ ಮೇಲೆ ನಲವತ್ತು ಸುತ್ತು ಎಣಿಸಿದೆ. ಬಟ್ಟಲಿಗೆ ಬಂದ ಮೇಲೆ ಎಣಿಕೆ ತಪ್ಪಿತು. ಪಚಪಚ ನಿಂತು ಸುರ್ ಎಂದಾಗ ಅಪ್ಪ ಕಣ್ಣು ಮುಚ್ಚಿಯೇ ತಲೆಯಾಡಿಸಿದರು. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ, ಸುತ್ತು ಹಾಕುತ್ತ ಹಚ್ಚಿದೆ. ಆಮೇಲೆ ಗೋಡೆಗೆ ಸುಣ್ಣ ಬಳಿದ ಹಾಗೆ ಅತ್ತಿತ್ತ ಎಳೆದು ಸಮ ಮಾಡಿದೆ. ನಾಲ್ಕು ವಾರದಲ್ಲಿ ಮೊದಲ ಸಲ ಆ ಗುರುತು ನೊರೆಯೊಳಗೆ ಪೂರ್ತಿ ಮುಚ್ಚಿಹೋಯಿತು.

ಅಪ್ಪ ಎಡಗೈಯಿಂದ ಎರಡೂ ಗಲ್ಲ, ಕುತ್ತಿಗೆ ಮುಗಿಸಿದರು. ಗದ್ದದ ಹತ್ತಿರ ಬಂದಾಗ ಕೈ ನಿಲ್ಲಿಸಿದರು. ಬ್ಲೇಡಿನ ಹಿಡಿಕೆಯನ್ನು ನನ್ನ ಕಡೆ ಚಾಚಿ, "ಇಷ್ಟು ನೀ ಮಾಡು," ಅಂದರು. ಮತ್ತೊಮ್ಮೆ ನೊರೆ ಹಚ್ಚಿ, ಉಸಿರು ಹಿಡಿದು, ನಾಲ್ಕು ಸಣ್ಣ ಎಳೆತ ಎಳೆದೆ. ರಕ್ತ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ, "ಮೂರು ಸಾವಿರ ವಾಟಗಾ ಸಾರ್ಥಕ ಆತು ಬಿಡ್ರಿ," ಎಂದು ಒಳಗೆ ಹೋದಳು. ಅವಳ ಬೆನ್ನು ಅಲುಗುತ್ತಿತ್ತು, ನಗುತ್ತಿದ್ದಳು.

ಸಾಲೆಯಲ್ಲಿ ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಅಪ್ಪ ಹನ್ನೊಂದು ನಿಮಿಷ ಮಾತಾಡಿದರು. ನಡುವೆ ಎರಡು ಸಲ ಎಡಗೈಯಿಂದ ಗದ್ದ ಸವರಿಕೊಂಡರು. ಏನು ಮಾತಾಡಿದರೆಂದು ನಾನು ಬರೆದುಕೊಂಡಿಲ್ಲ, ಅಷ್ಟನ್ನೇ ಬರೆದುಕೊಂಡಿದ್ದೇನೆ. ವಹಿಯಲ್ಲಿ ಇಪ್ಪತ್ತೇಳನೆಯ ದಿನದ ಅಂಕದ ಮನೆ ಖಾಲಿ ಇದೆ. ಹೊರಡುವ ಗಡಿಬಿಡಿಯಲ್ಲಿ ಕೆಂಪು ಪೆನ್ನು ಸಿಗಲಿಲ್ಲ, ಆಮೇಲೆ ಕೇಳಲೂ ಇಲ್ಲ. ಅಲ್ಲಿ ಒಣಗಿದ ಸಾಬೂನಿನ ಬೆರಳಿನ ಗುರುತು ಮಾತ್ರ ಉಳಿದಿದೆ, ನನ್ನದೇ.

ಸಂಜೆ ಮನೆಗೆ ಬಂದಾಗ ಬಾಗಿಲಿನ ಹಾಳೆಯಲ್ಲಿ ಅಪ್ಪನ ಸಾಲಿನ ಕೆಳಗೆ, ಕ್ಯಾಲೆಂಡರಿನ ಅದೇ ಪೆನ್ಸಿಲಿನಲ್ಲಿ, ಇನ್ನೊಂದು ಸಾಲು ಸೇರಿತ್ತು: "ದಾಡಿಗೆ ಅರ್ಧ ವಾಟಗಾ. ಕೇಳಿ ತೊಗೊಳ್ಳುವುದು."

ಈಗ ಆ ಓಣಿಗೆ ದಿನವೂ ನೀರು ಬರುತ್ತದೆ. ಕೊಡಗಳು ಅಟ್ಟ ಸೇರಿವೆ, ಕ್ಯಾಲೆಂಡರಿನ ಮೇಲೆ ಸುತ್ತುಗಳಿಲ್ಲ. ನಾನು ಕೆಲಸಕ್ಕಾಗಿ ಗೋಪನಕೊಪ್ಪದಲ್ಲಿ ಮನೆ ಮಾಡಿದ್ದೇನೆ; ಶನಿವಾರ ಸಂಜೆ ಧಾರವಾಡಕ್ಕೆ ಹೋಗಿ ರವಿವಾರ ಬೆಳಿಗ್ಗೆ ಅಲ್ಲೇ ಏಳುತ್ತೇನೆ. ಅಪ್ಪನ ಕೈ ಗಟ್ಟಿಯಾಗಿದೆ, ನೊರೆ ತಾವೇ ಕಲಸಿಕೊಳ್ಳುತ್ತಾರೆ. ಬಚ್ಚಲಿನ ನಲ್ಲಿಯಲ್ಲೇ ಸಿಹಿನೀರು ಇದೆ. ಆದರೂ ವಾಟಗಾ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ತೊಗೊಳ್ಳಲೇನು?"

ಅವ್ವ ತಿರುಗಿ ನೋಡುವುದಿಲ್ಲ. "ಅರ್ಧಾ ಅಷ್ಟ," ಅನ್ನುತ್ತಾಳೆ.