ಹಚ್ಚೆ ಇದ್ದವರಿಗೆ ಪ್ರವೇಶವಿಲ್ಲ

ಸಾವಿತ್ರಿಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಹಚ್ಚೆ. ಒಂಬತ್ತು ವರ್ಷದವಳಿದ್ದಾಗ ನಂಜನಗೂಡಿನಲ್ಲಿ ಅಜ್ಜಿ ಹಿಡಿದು ಕೂರಿಸಿ ಹುಯ್ಯಿಸಿದ್ದು: ತುಳಸಿಕಟ್ಟೆ, ಸುತ್ತ ಚುಕ್ಕಿ, ಕೆಳಗೆ ಅಜ್ಜಿಯ ಹೆಸರು. ಜಪಾನಿನಲ್ಲಿ ದೊಡ್ಡ ಭೂಕಂಪವಾದ ಮರುವರ್ಷ ಗಂಡ ಶ್ರೀನಾಥನ ಜೊತೆ ಬಂದು ಅಲ್ಲಿನ ಗ್ಯೋಟೋಕುವಿನಲ್ಲಿ ಮನೆ ಮಾಡಿದ ಮೇಲೆ ಬೇಸಿಗೆಯಲ್ಲೂ ತುಂಬುತೋಳು ಹಾಕುವುದನ್ನು ಅವಳು ತಾನಾಗಿಯೇ ಕಲಿತಳು. ಅಲ್ಲಿನವರ ಕಣ್ಣಿಗೆ ಹಚ್ಚೆ ರೌಡಿಗಳ ಗುರುತು. ರೈಲಿನಲ್ಲಿ ಪಕ್ಕದ ಸೀಟು ಯಾಕೆ ಖಾಲಿ ಉಳಿಯುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಿನಾಗಾವಾದ ಅವಳ ಕಂಪನಿ ಸ್ನಾನಗೃಹಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡುತ್ತಿತ್ತು. ಜನಕ್ಕೆ ಸೌನಾ ಎಂಬ ಬಿಸಿಹಬೆಯ ಸ್ನಾನದ ಹುಚ್ಚು ಹತ್ತಿದ್ದು ನೋಡಿ, ಫಿನ್ಲೆಂಡ್ ಮಾದರಿಯ ಸೌನಾ ಒಂದನ್ನು ತಾನೇ ತೆರೆಯಲು ಹೊರಟಿತು. ನೋಡಿಕೊಂಡು ಬರಲು ತಾಚಿಬಾನಾ-ಸಾನ್ ಎಂಬ ಮ್ಯಾನೇಜರಮ್ಮನನ್ನೂ, ಇಂಗ್ಲಿಷ್ ಚೆನ್ನಾಗಿದೆಯೆಂದು ಸಾವಿತ್ರಿಯನ್ನೂ ಹತ್ತು ದಿನಕ್ಕೆ ಅಲ್ಲಿಗೆ ಕಳಿಸಿತು. ೨೦೧೮ರ ಜೂನ್ ಅದು.

ಅಲ್ಲಿ ಕೆರೆ ದಂಡೆಯ ಸೌನಾದ ಮರದ ಕೋಣೆಯಲ್ಲಿ ಅಪರಿಚಿತ ಹೆಂಗಸರ ನಡುವೆ ಬರಿಮೈಯಲ್ಲಿ ಕೂರಬೇಕೆಂದಾಗ ಅವಳು ಹಿಡಿಯಷ್ಟಾದಳು. ಮುದುಕಿಯೊಬ್ಬಳು ಕಾದ ಕಲ್ಲಿನ ಮೇಲೆ ನೀರು ಹೊಯ್ದಳು. ಹಬೆ ಕಿವಿ ಸುಡುತ್ತ ಬೆನ್ನಿಗಿಳಿಯಿತು. ಯಾರೂ ಮಾತಾಡಲಿಲ್ಲ, ಯಾರೂ ಅವಳ ಕೈ ನೋಡಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ತೋಳು ಬಯಲಿಗೆ ಬಿಟ್ಟು ಕೂತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಮೈ ಆರಿಸಿಕೊಳ್ಳುವಾಗ ತಾಚಿಬಾನಾ-ಸಾನ್ ಕೇಳಿದರು, "ಇದೇನು, ಸಾವಿತ್ರಿ-ಸಾನ್?"

"ನಮ್ಮಜ್ಜಿ ಹಾಕಿಸಿದ್ದು. ಸತ್ತಾಗ ಒಡವೆ ಎಲ್ಲ ಬಿಚ್ಚಿಕೊಳ್ತಾರೆ, ಇದೊಂದು ಮಾತ್ರ ಜೊತೆಗೆ ಬರುತ್ತೆ ಅನ್ನೋರು."

"ಎಷ್ಟು ಚೆನ್ನಾಗಿದೆ," ಎಂದು ತಾಚಿಬಾನಾ-ಸಾನ್ ಚುಕ್ಕಿಗಳನ್ನು ಬೆರಳಲ್ಲಿ ಮುಟ್ಟಿದರು. ಆ ಸಂಜೆ, ಮುಳುಗಲೊಲ್ಲದ ಬಿಸಿಲಿನಲ್ಲಿ, ಒಂದು ಬಾರಿನಲ್ಲಿ ಮೈಕು ಹಿಡಿದು ಹಾಡಿದರು ಕೂಡ. ಸಾವಿತ್ರಿಗೆ ಒಬ್ಬ ಗೆಳತಿ ಸಿಕ್ಕಳು ಅನ್ನಿಸಿತು.

ಮರಳಿದ ಮೇಲೆ ಮೂವತ್ತು ಪುಟದ ವರದಿ ಬರೆದಳು. ತಾನೇ ಅಳೆದ ಬೆಂಚಿನ ಎತ್ತರ, ಗೆಣ್ಣಿಲ್ಲದ ತಿಳಿಬಣ್ಣದ ಮರ, ಹುಳಿಯಾದ ಕಪ್ಪು ರೈ ಬ್ರೆಡ್ಡು, ಸಬ್ಬಸಿಗೆ ಉದುರಿಸಿದ ಆಲೂಗಡ್ಡೆ, ಎಲ್ಲಕ್ಕಿಂತ ಮೇಲಾಗಿ ಅಲ್ಲಿನ ಮೌನ. ಬುಕಿಂಗ್ ಫಾರಂ ಮಾಡಿದವಳೂ ಅವಳೇ. 'ನನ್ನ ಮೈಮೇಲೆ ಹಚ್ಚೆ ಇಲ್ಲ' ಎಂದು ಟಿಕ್ ಹಾಕುವ ಸಾಲು ಬಂದಾಗ, ಇದು ಬೇಕೇ ಎಂದು ತಾಚಿಬಾನಾ-ಸಾನ್ ಅವರನ್ನು ಕೇಳಿದಳು. "ಎಲ್ಲ ಕಡೆ ಇರೋದೇ ಅಲ್ವಾ. ಸದ್ಯಕ್ಕೆ ಇರಲಿ," ಎಂದರು. ಹಾಕಿದಳು.

ವಸಂತದಲ್ಲಿ ಸೌನಾ ತೆರೆಯಿತು. ಮೊದಲ ದಿನ ಸಿಬ್ಬಂದಿಗೂ ಆಹ್ವಾನವಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೆಲಸದ ಹುಡುಗಿ ಅವಳ ಕೈ ನೋಡಿ, "ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಬಾಗಿ ಗೋಡೆಯ ಫಲಕ ತೋರಿಸಿದಳು. ತಾಚಿಬಾನಾ-ಸಾನ್ ಓಡಿ ಬಂದು ಚರ್ಮದ ಬಣ್ಣದ ಪಟ್ಟಿಗಳನ್ನು ತರಿಸಿದರು. ಅಜ್ಜಿಯ ಹೆಸರು ಮುಚ್ಚಲು ಒಂದು, ತುಳಸಿಕಟ್ಟೆಗೆ ಎರಡು. ಸಾವಿತ್ರಿ ಅಂಟಿಸಿಕೊಂಡಳು.

ಒಳಗೆ ಹತ್ತು ನಿಮಿಷವಾಗುವಷ್ಟರಲ್ಲಿ ಬೆವರಿಗೆ ಪಟ್ಟಿ ಎದ್ದು ಜೋತುಬಿತ್ತು. ಪಕ್ಕದವಳು ಟವೆಲ್ ಎತ್ತಿಕೊಂಡು ಕೆಳಗಿನ ಬೆಂಚಿಗೆ ಸರಿದಳು. ತಾಚಿಬಾನಾ-ಸಾನ್ ನೆಲ ನೋಡುತ್ತ, "ಸಾವಿತ್ರಿ-ಸಾನ್, ಇವತ್ತಿಗೆ ಸಾಕೇನೋ," ಎಂದರು.

ಮನೆಯಲ್ಲಿ ಮಗಳು ಸ್ಪಂದನಾ ಎಲ್ಲ ಕೇಳಿಸಿಕೊಂಡು, "ಮಮ್ಮಾ, ಲೇಸರ್‌ನಲ್ಲಿ ತೆಗೀತಾರೆ. ಜಸ್ಟ್ ರಿಮೂವ್ ಇಟ್," ಎಂದಳು. ಶ್ರೀನಾಥ ಫೋನಿನಿಂದ ತಲೆ ಎತ್ತಲಿಲ್ಲ. "ಅವರ ದೇಶ, ಅವರ ರೂಲ್ಸು. ಬಿಡು, ಅಷ್ಟಕ್ಕೆಲ್ಲ," ಎಂದ.

ಬಿಟ್ಟಳು. ಅಕ್ಟೋಬರಿನಲ್ಲಿ ಫಿನ್ಲೆಂಡಿನಿಂದ ನಾಲ್ವರು ಅತಿಥಿಗಳು ಬಂದರು. ಅವರಲ್ಲೊಬ್ಬಳ ಭುಜದಿಂದ ಸೊಂಟದವರೆಗೆ ನೀಲಿ ಕರಡಿಯ ಹಚ್ಚೆ. ತಾಚಿಬಾನಾ-ಸಾನ್ ಆ ಮಧ್ಯಾಹ್ನ ಸೌನಾವನ್ನು ಬೇರೆಯವರಿಗೆ ಮುಚ್ಚಿಸಿ, ತಾವೂ ಅವರೊಡನೆ ಒಳಗೆ ಹೋದರು. ಸಾವಿತ್ರಿಯನ್ನು ಬಾಗಿಲಾಚೆ ದುಭಾಷಿಯಾಗಿ ನಿಲ್ಲಿಸಿದ್ದರು, ಕೈಯಲ್ಲಿ ಟವೆಲ್ಲುಗಳ ಗಂಟು. ಒಳಗಿನಿಂದ ನಗು ಕೇಳುತ್ತಿತ್ತು. ನಡುವೆ ಅತಿಥಿಯೊಬ್ಬಳು ಕೇಳಿದಳು, ಬೆಂಚು ಇಷ್ಟು ಸರಿಯಾದ ಎತ್ತರಕ್ಕೆ ಹೇಗೆ ಬಂತೆಂದು. ತಾಚಿಬಾನಾ-ಸಾನ್ ಜಪಾನೀಸಿನಲ್ಲಿ, "ನಾನೇ ಅಲ್ಲಿ ಅಳೆದು ತಂದೆ," ಎಂದರು. ಅದನ್ನು ಸಾವಿತ್ರಿ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು.

ಅವರೆಲ್ಲ ಹೋದ ಮೇಲೆ ಕೇಳಿಯೇ ಬಿಟ್ಟಳು. "ಅವರಿಗೆ ಆ ನಿಯಮ ಇಲ್ವಾ?"

"ಅವರು ಅತಿಥಿಗಳು," ಎಂದರು ತಾಚಿಬಾನಾ-ಸಾನ್, ಕೂದಲು ಒರೆಸಿಕೊಳ್ಳುತ್ತ. "ನೀವು ನಮ್ಮವರೇ ಅಲ್ವಾ. ನಿಮಗೆ ಅರ್ಥವಾಗುತ್ತೆ."

ಮರುದಿನ ಸಾವಿತ್ರಿ ಪಾರ್ಕಿಂಗ್ ಸಾಫ್ಟ್‌ವೇರಿನ ತಂಡಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟಳು. ತಾಚಿಬಾನಾ-ಸಾನ್ ಅದೇ ದಿನ ಸಹಿ ಹಾಕಿದರು. ಕಾರಣ ಕೇಳಲಿಲ್ಲ.