ಅಗೀಬ್ಯಾಡ, ನುಂಗು

ನಮ್ಮಪ್ಪನನ್ನು ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನನ್ನು ನೋಡಲು ನಮ್ಮೂರು ಕೆರಗೋಡಿನಿಂದ ಮಳವಳ್ಳಿಯ ನಮ್ಮ ಮನೆಗೆ ಬಂದವರೆಲ್ಲ ಕಾಫಿ ಕುಡಿದು ಹೇಳುವುದು ಒಂದೇ ಮಾತು: “ಎಂಡ್ರು ಆಸ್ಗೆ ಇಡುದ್ ಮ್ಯಾಲೆ ನಿಮ್ಮಪ್ಪನಂಗೆ ನೋಡ್ಕಂಡ ಗಂಡಸ್ನ ನಾವ್ ಕಾಣೆವು ಕಣವ್ವ. ನೀನು ಪುಣ್ಯ ಮಾಡಿದ್ದೆ.” ನಾನು ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಅವರು ಹೇಳುವುದು ಸುಳ್ಳೇನಲ್ಲವಲ್ಲ, ಜಗಳ ಆಡುವುದಾದರೂ ಹೇಗೆ?

ಅವ್ವನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮೈ ಒರೆಸುವುದು, ಸೀರೆ ಬದಲಿಸುವುದು, ತಲೆ ಬಾಚುವುದು ಎಲ್ಲ ಅಪ್ಪನೇ. ರಜೆಯಲ್ಲಿ ನಾನು ಊರಿಗೆ ಹೋಗಿ ಬಾಚಣಿಗೆ ಹಿಡಿದರೆ, “ನಿಂಗ್ ಗೊತ್ತಾಗಕಿಲ್ಲ ಬುಡು” ಎಂದು ಕಿತ್ತುಕೊಳ್ಳುತ್ತಿದ್ದ. ಹೆತ್ತವ್ವನ ಜಡೆ ಹೆಣೆಯಲು ನನಗೆ ಗೊತ್ತಾಗುವುದಿಲ್ಲವಂತೆ!

ಊಟದ ಹೊತ್ತು ಬಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಕಾಯಿಲೆಯಾದ ಮೇಲೆ ಅವ್ವನಿಗೆ ಅದು ಇಳಿಯುತ್ತಲೇ ಇರಲಿಲ್ಲ. ನಾನು ಗಂಜಿ ಕಾಯಿಸಿ ತಂದರೆ ಅಪ್ಪ ಪಕ್ಕಕ್ಕೆ ಸರಿಸುತ್ತಿದ್ದ. “ಗಂಜಿ ಕುಡ್ದು ಬದುಕಕಾಯ್ತದಾ?” ಗೋಲಿಯಷ್ಟು ಮುದ್ದೆ ಮುರಿದು, ಊದಿ ಆರಿಸಿ, ಸಾರಿನಲ್ಲಿ ಅದ್ದಿ ಅವಳ ಬಾಯಿಗಿಡುತ್ತಿದ್ದ. “ಅಗೀಬ್ಯಾಡ, ನುಂಗು.” ಅವ್ವ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಕಣ್ಣಂಚಲ್ಲಿ ನೀರು. ಅಪ್ಪ ಅದನ್ನು ತನ್ನ ಟವೆಲಿನಿಂದ ಒರೆಸಿ ಇನ್ನೊಂದು ತುತ್ತು ಮುರಿಯುತ್ತಿದ್ದ. ಅಷ್ಟು ಅಕ್ಕರೆಯಿಂದ ಒಬ್ಬರಿಗೆ ಹಿಂಸೆ ಕೊಡಬಹುದು ಅನ್ನುವುದನ್ನು ನಾನು ಆ ನಡುಮನೆಯಲ್ಲಿ ನಿಂತು ನೋಡಿದ್ದೇನೆ. ಅವನ ಬಗ್ಗೆ ಹೆಮ್ಮೆಯೂ ಆಗುತ್ತಿತ್ತು, ಕೈ ಹಿಡಿದು ಎಳೆದುಬಿಡೋಣ ಅಂತಲೂ ಅನ್ನಿಸುತ್ತಿತ್ತು.

ಈಗ ಅವ್ವ ಇಲ್ಲ. ಅಪ್ಪ ಸೊಂಟ ಮುರಿದುಕೊಂಡು ನಮ್ಮ ಮನೆಯ ಮಂಚ ಹಿಡಿದಿದ್ದಾನೆ, ಕೈ ನಡುಗಿ ತುತ್ತು ಬಾಯಿಗೆ ಹೋಗುವುದಿಲ್ಲ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಮೇಡಮ್ಮು. ಇದ್ದಬದ್ದ ರಜೆಯೆಲ್ಲ ತೀರಿ, ಸೋಮವಾರ ಹೋಗದಿದ್ದರೆ ಕೆಲಸಕ್ಕೇ ಕುತ್ತು. ಪೂರಿಗಾಲಿಯಿಂದ ಒಬ್ಬ ಹೆಂಗಸನ್ನು ಗೊತ್ತುಮಾಡಿದೆ. ಪಾಪ, ಒಳ್ಳೆಯವಳು. ಅವಳು ತಟ್ಟೆ ಹಿಡಿದು ಕೂತರೆ ಅಪ್ಪ ತುಟಿ ಬಿಗಿದುಕೊಂಡು ಗೋಡೆಗೆ ತಿರುಗಿದ. ಇಡೀ ದಿನ ಒಂದು ತುತ್ತೂ ಇಳಿಯಲಿಲ್ಲ. “ಅಕ್ಕಾ, ನಾಳಿಂದ ಬರ್ಲೋ ಬ್ಯಾಡ್ವೋ ನೀವೇ ಯೋಳಿ” ಎಂದು ಅವಳು ಸಂಜೆ ಬಸ್ಸಿಗೆ ಹೋದಳು.

ನಾನೇ ಮುದ್ದೆ, ಬಸ್ಸಾರು ತಂದು ಕೂತೆ.

“ನಿಮ್ಮವ್ವುಂಗೆ ನಾನು ಆಳು ಇಟ್ಟಿದ್ನಾ?” ಎಂದ.

“ಇಡಬೇಕಿತ್ತು” ಎಂದೆ.

“ನಿಮ್ಮವ್ವ ಒಂದಿನಾನಾದ್ರೂ ನನ್ ಕೈ ತುತ್ತ ಬ್ಯಾಡ ಅಂದ್ಳಾ?”

“ಅವ್ವುಂಗೆ ಮಾತೇ ಬತ್ತಿರ್ಲಿಲ್ವಲ್ಲಪ್ಪ!”

ಬೈಯುತ್ತಾನೆ ಅಂದುಕೊಂಡೆ. ಅಪ್ಪ ತಟ್ಟೆಯ ಕಡೆ ನೋಡಿದ.

“ಗೊತ್ತು ಕಣವ್ವ. ಬಾಯಿ ಬಂದಿದ್ರೆ ಬ್ಯಾಡ ಅಂದಿರೋಳು. ಉಣ್ದೆ ಎಲ್ಲಿ ಓಗ್ಬುಡ್ತಾಳೋ ಅಂತ ನಂಗೆ ದಿಗಿಲು.” ಆಮೇಲೆ ನನ್ನ ಕಡೆ ತಿರುಗಿದ. “ನಿಂಗೆ ಬಾಯಿ ಐತಲ್ಲ. ಆಗಕಿಲ್ಲ ಅಂತ ಯೋಳ್ಬುಡು. ಆ ಎಂಗ್ಸಿನ ಕೈಲೇ ಉಣ್ತೀನಿ.”

ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು, ಸೋಮವಾರ ಶಾಲೆಗೆ ಹೋಗಬಹುದಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಾ ಕಾದ. ನಿಜವಾಗಿಯೂ ಕಾದ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಗೋಲಿಯಷ್ಟು ಮುದ್ದೆ ಮುರಿದು, ಊದಿ, ಸಾರಿನಲ್ಲಿ ಅದ್ದಿ ಅವನ ತುಟಿಗೆ ಹಿಡಿದೆ.

“ನುಂಗಪ್ಪ” ಎಂದೆ.

ಅಪ್ಪ ಕಣ್ಣು ಮುಚ್ಚಿಕೊಂಡು ನುಂಗಿದ.