ಹಾಯಿದೋಣಿಯಾಗ ಖಡಕ್ ರೊಟ್ಟಿ

ಹ್ವಾದ ಬ್ಯಾಸಿಗ್ಯಾಗ ನಾನೂ ನನ್ನ ಹೆಂಡತೀನೂ ಮಿಸಿಸಾಗದಿಂದ ಹೋಗಿ, ಟೊರೊಂಟೊ ದ್ವೀಪಗಳನ್ನ ಸುತ್ತೋ ಒಂದು ದಿನದ ಹಾಯಿದೋಣಿ ಟ್ರಿಪ್ಪಿಗೆ ಹತ್ತಿದ್ವಿ. ಏಳೆಂಟು ಮಂದಿ, ಒಬ್ಬ ಕ್ಯಾಪ್ಟನ್ನು. ದೋಣಿಯಾಗ ಕಾಲಿಡೂದ ತಡ, ಆ ಪುಣ್ಯಾತ್ಮ ನಮ್ಮ ರೊಟ್ಟಿ ಗಂಟಿಗೆ ಕೈ ಹಾಕಿದ.

"ನೋ ಔಟ್‌ಸೈಡ್ ಫುಡ್. ಲಂಚ್ ನಾವೇ ಕೊಡ್ತೀವಿ" ಅಂತ ಇಂಗ್ಲಿಷ್‌ನ್ಯಾಗ ಹೇಳಿ, ಗಂಟು ಒಯ್ದು ಕೆಳಗ ಕ್ಯಾಬಿನ್ನಿನ್ಯಾಗ ಇಟ್ಟ. ನಮ್ಮ ಧಾರವಾಡ ಕಡೆಯವರು ರೊಟ್ಟಿ ಕಟ್ಟಿಕೊಳ್ಳದೇ ಹೊಸ್ತಿಲಾ ದಾಟೂದಿಲ್ಲ. ನಾ ಜಗಳಾ ತಗದೆ. ಹೆಂಡತಿ ತೋಳು ಜಗ್ಗಿ, "ಸುಮ್ಮನಿರ್ರಿ, ಎಲ್ಲಾರೂ ನೋಡಾಕತ್ತಾರ" ಅಂದ್ಲು.

ಮಧ್ಯಾಹ್ನ ದ್ವೀಪದ ಹತ್ರ ದೋಣಿ ನಿಲ್ಲಿಸಿ ಲಂಚ್ ಕೊಟ್ಟ. ತಣ್ಣಗಿನ ಸ್ಯಾಂಡ್‌ವಿಚ್ಚು, ಒಳಗ ಒಂದು ಸೌತಿಕಾಯಿ ಹೋಳು! ಅದನ್ನ ನುಂಗಾಕ ಒದ್ದಾಡಾಕತ್ತಿದ್ದೆ, ಅಷ್ಟರಾಗ ಕ್ಯಾಬಿನ್ನಿನಿಂದ ಕರಮ್ ಕರಮ್ ಅಂತ ಸಪ್ಪಳಾ ಬಂತು. ಖಡಕ್ ರೊಟ್ಟಿ ಕದ್ದು ತಿನ್ನೂದು ಯಾರಿಂದಲೂ ಆಗೂದಿಲ್ಲ, ಇಡೀ ಓಣಿಗೆ ಕೇಳಸ್ತೈತಿ. ಇಣುಕಿದ್ರ, ಕ್ಯಾಪ್ಟನ್ನು ನಮ್ಮ ರೊಟ್ಟಿ ಮುರಮುರದು ತಿನ್ನಾಕತ್ತಾನ!

"ವ್ಹೇರ್ ಈಸ್ ಯುವರ್ ರೂಲ್?" ಅಂತ ಚೀರಿದೆ.

"ರೂಲ್ ಪ್ಯಾಸೆಂಜರ್‌ಗೆ" ಅಂದ, ಬಾಯಿ ತುಂಬ ರೊಟ್ಟಿ ಇಟಗೊಂಡು.

ಮೈಯೆಲ್ಲಾ ಉರದು ಹೋತು. ಹಿಂದಿನಿಂದ ಹೆಂಡತಿ ಬಂದ್ಲು. ಮುಗೀತು ಇವನ ಕಥಿ ಅನಕೊಂಡೆ. ಆಕಿ ಅವನ ಮಾರಿ ನೋಡಿ, "ಅಯ್ಯ ತಮ್ಮಾ, ಬರೇ ಒಣಾ ರೊಟ್ಟಿ ಹೆಂಗ ತಿಂತೀ? ವೇಟ್, ವೇಟ್" ಅಂತ, ತನ್ನ ಪರ್ಸಿನಿಂದ ಶೇಂಗಾ ಚಟ್ನಿ ಡಬ್ಬಿ ತಗದು ಅವನ ಮುಂದ ಇಟ್ಲು.

ಅಲ್ಲೀತನಕ ಬಾಜೂಕ ಕುಂತು ಒಣಾ ಬ್ರೆಡ್ ಅಗಿಯಾಕತ್ತಿದ್ದ ಗಂಡನ ಮುಂದ, ಹಂಗೊಂದು ಡಬ್ಬಿ ಐತಿ ಅಂತ ಆಕಿ ಉಸಿರು ಸುದ್ದಾ ಬಿಟ್ಟಿದ್ದಿಲ್ಲ.